ಹದಿಮೂರರ ಪಂಕ್ತಿ

ಕರಜಗಿ, 20 ಜೂನ್ 1948

ಬರೆಯುವುದು ನನ್ನ ಕೆಲಸವಲ್ಲ. ಮೂರನೆಯ ಇಯತ್ತೆಯಲ್ಲಿ ಮಾಸ್ತರನ ಕೈಯ ಛಡಿ ಕಸಿದು ಮುರಿದು ಮನೆಗೆ ಬಂದವನು ನಾನು. ಆಮೇಲೆ ಶಾಲೆಯ ಕಡೆ ಹಾಯಲಿಲ್ಲ. ಅರವತ್ತು ದಾಟಿದ ಮೇಲೆ ಲೇಖಣಿ ಹಿಡಿಸಿದವಳು ಸೊಸೆ ಕಾಶಿಬಾಯಿ. ಬೆಳಗ್ಗೆ ಅಂಗಳದಲ್ಲಿ ನಿಂತು ರಜಾಕಾರರ ಮೂರು ತಲೆಮಾರಿಗೆ ಬೈದೆ. ರಸ್ತೆಗೆ ಕೇಳಲಿ ಅಂತಲೇ ಬೈದೆ. ಅವಳು ಒಳಗಿಂದ ಓಡಿ ಬಂದು ಬಾಗಿಲು ಹಾಕಿದಳು.

"ಮಾವಾರ, ನಿಮ್ಮ ಬಾಯಿಗೆ ಈ ಮನಿ ಸುಟ್ಟು ಹೋಗ್ತದ್ರಿ. ಬೈಬೇಕಂದ್ರ ಇದರಾಗ ಬೈರಿ" ಎಂದು ಚಂದ್ರಾಮನ ಖಾಲಿ ವಹಿಯೊಂದನ್ನು ತಂದು ಎಸೆದಳು. ಎಸೆದಳು ಅಂದರೆ ಇಟ್ಟಳು. ಎಸೆದ ಹಾಗೆ ಇಟ್ಟಳು.

ಬೈಗುಳ ಬರೆಯಲು ಕೂತರೆ ಅಕ್ಷರ ನೆನಪಾಗುವಷ್ಟರಲ್ಲಿ ಸಿಟ್ಟೇ ಇಳಿದುಹೋಗುತ್ತದೆ. ಇದೇ ಅವಳ ಹಂಚಿಕೆ ಇರಬೇಕು.

ಚಂದ್ರಾಮ ನನ್ನ ಮಗ. ಒಬ್ಬನೇ. ಜೇವರ್ಗಿಯ ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿಸುತ್ತಿದ್ದ. ಸಂಕ್ರಾಂತಿ ಆದ ಮೇಲೆ ನೌಕರಿ ಬಿಟ್ಟು ಗಡಿಯಾಚೆಯ ಹೋರಾಟದವರ ಶಿಬಿರಕ್ಕೆ ಹೋದ. ಯುಗಾದಿಯ ಸುಮಾರಿಗೆ ಚೌಡಾಪುರದವರೊಬ್ಬರ ಕೈಯಲ್ಲಿ ಕ್ಷೇಮ ಇದ್ದೇನೆ ಎಂದು ಹೇಳಿಕಳಿಸಿದ. ಆಮೇಲೆ ಏನೂ ಇಲ್ಲ. ಸೊಸೆಗೆ ಜೇವರ್ಗಿಯ ತವರಿಗೆ ಹೋಗು ಎಂದರೆ ಹೋಗುವುದಿಲ್ಲ. ಇಲ್ಲಿದ್ದು ಮಾಡುವುದೇನು? ದಿನಾ ಆ ಮುಖ ನೋಡಿ ನನಗೂ ಸಾಕಾಗಿದೆ.

5 ಜುಲೈ, ಸೋಮವಾರ

ಮಠದ ದಾಸೋಹಕ್ಕೆ ಹೋಗಿದ್ದೆ. ಈ ಸುತ್ತಿನ ಹಳ್ಳಿಗಳಲ್ಲಿ ಮದುವೆ ಇರಲಿ, ತಿಥಿ ಇರಲಿ, ಊಟದ ಪಂಕ್ತಿ ಕೂಡಿಸುವವನು ನಾನೇ. ನನ್ನ ಪದ್ಧತಿ ಎಲ್ಲರಿಗೂ ಗೊತ್ತು. ಸಾಲುಗಳೆಲ್ಲ ಸಮ ಇರಬೇಕು, ಒಂದು ಸಾಲೂ ಮೋಟಾಗಬಾರದು, ಕೊನೆಗೆ ಯಾರೂ ಒಂಟಿ ಕೂಡಬಾರದು. ಸಾಲಿಗೊಬ್ಬ ಬಡಿಸುವವ. ಹಾಗಾದರೆ ಎಲ್ಲರ ಎಲೆಗೂ ಒಟ್ಟಿಗೇ ಅನ್ನ ಬೀಳುತ್ತದೆ, ಒಬ್ಬ ಇನ್ನೊಬ್ಬನ ಎಲೆ ನೋಡುತ್ತ ಕೂಡುವುದಿಲ್ಲ.

ಇವತ್ತು ಮೂವತ್ತೊಂದು ಜನ. ಎರಡು ಸಾಲು ಮಾಡಿದೆ, ಒಬ್ಬ ಉಳಿದ. ಮೂರು ಮಾಡಿದೆ, ಒಬ್ಬ ಉಳಿದ. ಎಬ್ಬಿಸಿ ಐದು ಸಾಲು ಮಾಡಿದೆ, ಮತ್ತೂ ಒಬ್ಬ ಉಳಿದ.

"ದೌಲತರಾಯ್ರ, ಊಟಕ್ಕ ಕರದೀರೋ, ಕವಾಯತ್ ಮಾಡಸ್ತೀರೋ?" ಎಂದು ಯಾರೋ ನಕ್ಕರು.

ಹೊರಗೆ ಇಸ್ಮಾಯಿಲ ಮಠದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಕರೆದು ಕೂಡಿಸಿದೆ. ಮೂವತ್ತೆರಡಾಯಿತು. ನಾಲ್ಕು ಸಾಲು, ಸಾಲಿಗೆ ಎಂಟು. ಒಬ್ಬ ಹಿರಿಯ ಮೂಗು ಮುರಿದ, ಇವನೂ ಪಂಕ್ತಿಯೊಳಗಾ ಅಂತ.

"ನೀ ಎದ್ದು ಹೋಗು. ಮತ್ತ ಮೂವತ್ತೊಂದು ಆಗ್ತದ, ಮತ್ತ ಎಲ್ಲಾರ್ನೂ ಎಬ್ಬಸ್ತೇನಿ" ಎಂದೆ. ಕೂತೇ ಇದ್ದ. ಹಸಿವು ಅಂಥದು.

ಇಸ್ಮಾಯಿಲ ಕೈಯ ಮಸಿ ಒರೆಸಿಕೊಳ್ಳುತ್ತ, "ನಿನ್ನ ಲೆಕ್ಕ ಕೆಟ್ಟಾಗಷ್ಟ ನನಗ ಹುಗ್ಗಿ, ದೌಲತಣ್ಣಾ. ಅಲ್ಲಾ ನಿನ್ನ ಲೆಕ್ಕ ದಿನಾ ಕೆಡಸ್ಲಿ" ಎಂದ.

ಆಮೇಲೆ ಆದದ್ದನ್ನು ಯಾರ ಮುಂದೂ ಹೇಳಿಲ್ಲ. ಬಾಗಿಲಲ್ಲಿ ನಿಂತು ತಲೆ ಎಣಿಸಿದೆ. ಮೂರನೆಯ ಸಾಲಿನಲ್ಲಿ ಒಂಬತ್ತು. ಒಂಬತ್ತನೆಯವನು ತಲೆ ಬಗ್ಗಿಸಿ ಕೂತಿದ್ದ. ಕಿವಿ ಮಾತ್ರ ಕಾಣುತ್ತಿತ್ತು, ಚಂದ್ರಾಮನದರ ಹಾಗೆ ಮುಂದಕ್ಕೆ ಬಾಗಿದ ಕಿವಿ. ಹತ್ತಿರ ಹೋದೆ. ಎಂಟೇ ಜನ. ಇಬ್ಬರ ನಡುವೆ ಒಬ್ಬನು ಕೂಡುವಷ್ಟು ಜಾಗ ಖಾಲಿ. ಒತ್ತಿ ಕುಂದರ್ರಿ ಎಂದು ಗದರಿಸಿದೆ.

"ಯಾರೋ ಇದ್ದಂಗ ಆಗಿತ್ರಿ, ಅದಕ್ಕ ಸರದು ಕುಂತಿದ್ವಿ" ಎಂದರು.

12 ಜುಲೈ

ಮೂವತ್ತೊಂದು ತಲೆಯಿಂದ ಹೋಗುತ್ತಿಲ್ಲ. ಒಬ್ಬನೇ ಗೊಣಗುತ್ತಿದ್ದೆ. ಸೊಸೆ ರೊಟ್ಟಿ ಬಡಿಯುತ್ತ ಒಳಗಿಂದಲೇ ಹೇಳಿದಳು.

"ಅದು ಮುಫ್ರದ್ ಅದರಿ, ಮಾವಾರ."

"ಏನದು?"

"ಒಂದ ಸಾಲಿನಾಗ ಕುಂದರ್ತದ, ಎರಡನೇ ಸಾಲಿಗೆ ಒಪ್ಪಂಗಿಲ್ಲ. ಅಂಥಾ ಅಂಕಿಗೆ ಮುಫ್ರದ್ ಅಂತಾರಂತ ಸಾಲ್ಯಾಗ. ಅವ್ರು ಹೇಳಿಕೊಟ್ಟಿದ್ರು ನನಗ."

ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಬಾಗಿಲು ಹಾಕಿಕೊಂಡು ಹುಣಸೆ ಬೀಜ ಆಡುತ್ತಿದ್ದರು. ಚವಕಾಭಾರಾ ಆಡುತ್ತಾರೆ ಅಂತ ನಾನು ತಿಳಿದಿದ್ದೆ. ಲೆಕ್ಕ ಮಾಡುತ್ತಿದ್ದರಂತೆ. ಎಂಥ ಮಗನನ್ನು ಹಡೆದೆ.

ಬೀಜ ತಂದು ಸುರಿದಳು. ಐದು ಇಟ್ಟಳು. ಒಂದೇ ಸಾಲು. ಆರು ಇಟ್ಟಳು. ಎರಡು ಸಾಲಾಗುತ್ತದೆ, ಮೂರು ಸಾಲೂ ಆಗುತ್ತದೆ. ಏಳು, ಮತ್ತೆ ಒಂದೇ ಸಾಲು. ನಾನು ಮುಫ್ರದ್ ಗಿಫ್ರದ್ ಅನ್ನುವುದಿಲ್ಲ, ಹಟದ ಅಂಕಿ ಅನ್ನುತ್ತೇನೆ ಎಂದೆ.

"ಹಂಗಾದ್ರ ನಿಮ್ಮ ಮನಿತನದ್ದ ಅಂಕಿ ಬಿಡ್ರಿ" ಎಂದಳು. ಬಾಯಿ ಬಹಳವಾಗಿದೆ ಅವಳಿಗೆ.

ಮಧ್ಯಾಹ್ನ ಒಬ್ಬನೇ ಕೂತು ಐವತ್ತರ ಮೇಲೆ ಹೋದೆ. ಐವತ್ತೊಂದನ್ನು ಹಟದ್ದು ಅಂದೆ. ಬಂದು ಮೂರು ಸಾಲು ಮಾಡಿದಳು, ಹದಿನೇಳರಂತೆ. ತೊಂಬತ್ತೊಂದಂತೂ ಖಂಡಿತ ಹಟದ್ದು ಎಂದು ಆಣೆ ಹಾಕಿದೆ. ಏಳು ಸಾಲು ಮಾಡಿದಳು, ಹದಿಮೂರರಂತೆ. ಬೀಜಗಳನ್ನೆಲ್ಲ ಕೈಯಿಂದ ಬಳಿದು ಚೆಲ್ಲಿದೆ. ಅವಳು ಆರಿಸಿದಳು. ಎಣಿಸಿದರೆ ತೊಂಬತ್ತೆರಡು. ನಾನು ಎಣಿಸಿದೆ. ತೊಂಬತ್ತೆರಡು. ಹೆಚ್ಚಾದ ಒಂದನ್ನು ಅವಳು ಬೇರೆ ಇಟ್ಟಳು.

3 ಆಗಸ್ಟ್

ಅರವತ್ತನ್ನು ಒಡೆದೆ. ಆರು ಹತ್ತಲೆ ಅಂತ ಒಡೆದು, ಆರನ್ನೂ ಹತ್ತನ್ನೂ ಮತ್ತೆ ಒಡೆದೆ: ಎರಡು, ಮೂರು, ಎರಡು, ಐದು. ಎಲ್ಲ ಕೂಡಿಸಿಟ್ಟು ಇನ್ನೊಂದು ಕಡೆಯಿಂದ ನಾಲ್ಕು ಹದಿನೈದಲೆ ಅಂತ ಒಡೆದೆ. ತಳದಲ್ಲಿ ಮತ್ತೆ ಅವೇ. ಎರಡು ಎರಡು ಮೂರು ಐದು. ಯಾವ ಬಾಗಿಲಿಂದ ಒಳಗೆ ಹೋದರೂ ಅದೇ ನಾಲ್ವರು ಕೂತಿರುತ್ತಾರೆ. ಎಲ್ಲ ಅಂಕಿಯನ್ನೂ ಹೀಗೆ ಬಿಚ್ಚುತ್ತ ಹೋದರೆ ಕೊನೆಗೆ ಸಿಗುವವು ಹಟದವು ಮಾತ್ರ. ಅವುಗಳನ್ನು ಬಿಚ್ಚಲು ಬರುವುದಿಲ್ಲ.

ಅಫಜಲಪುರದ ಕಡೆ ರಜಾಕಾರರು ಎರಡು ಬಣವೆ ಸುಟ್ಟರಂತೆ.

14 ಆಗಸ್ಟ್

ಅಕ್ಕ ನಿಂಬೆವ್ವ ಆಳಂದದಿಂದ ಬಂದಳು. ಅಲ್ಲಿ ಇರುವ ಹಾಗಿಲ್ಲ. ಬಂಡಿ ಇಳಿಯುವ ಮೊದಲೇ ಶುರು.

"ದೌಲ್ಯಾ, ಹುಣಸಿಬೀಜ ಹಾಸಿಕೊಂಡು ಕುಂತೀದಿ, ಹುಚ್ಚ ಹಿಡದದೇನೋ?"

ಊಟಕ್ಕೆ ಕಾಶಿ ತಾಟು ಹಾಕಿದಳು. ನಿಂಬೆವ್ವ ನೋಡಿ ನಿಂತಳು. ಮೂವರಿಗೆ ನಾಲ್ಕು ತಾಟು.

"ಮೂರ ಹಾಕೀನಿ ಅಂತ ಮಾಡಿದ್ನಿರಿ, ಅತ್ತಿ" ಎಂದು ಕಾಶಿ ಒಂದನ್ನು ತೆಗೆದಳು.

15 ಆಗಸ್ಟ್

ಇವತ್ತು ತಾಟು ನಾನೇ ಹಾಕಿದೆ. ಒಂದು ಎರಡು ಮೂರು ಅಂತ ಬಾಯಲ್ಲಿ ಅನ್ನುತ್ತ ಹಾಕಿದೆ. ಕೂತು ನೋಡಿದರೆ ನಾಲ್ಕು.

19 ಸೆಪ್ಟೆಂಬರ್

ಹಿಂದುಸ್ತಾನದ ಫೌಜು ಬಂತು, ನಿಜಾಮ ಶರಣಾದ. ಊರೆಲ್ಲ ಬೀದಿಯಲ್ಲಿದೆ. ನಾನೂ ಅಂಗಳದಲ್ಲಿ ನಿಂತು ಎಷ್ಟು ಬೇಕೋ ಅಷ್ಟು ಒದರಿದೆ. ಯಾರೂ ಬಾಗಿಲು ಹಾಕಲಿಲ್ಲ. ಕಾಶಿ ತಲೆಗೆ ಎರೆದುಕೊಂಡು ಹಸಿರು ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಳು. ಶಿಬಿರದವರೆಲ್ಲ ವಾಪಸು ಬರುತ್ತಿದ್ದಾರೆ.

22 ಸೆಪ್ಟೆಂಬರ್

ಭಗವಂತ ಬಂದ. ಚಂದ್ರಾಮನ ಜೊತೆ ಅದೇ ಶಿಬಿರದಲ್ಲಿದ್ದವನು. ನೀರು ಕೊಟ್ಟರೆ ಕುಡಿಯದೆ ತಂಬಿಗೆ ಹಿಡಿದುಕೊಂಡೇ ಕೂತ.

"ಬ್ಯಾಸಗ್ಯಾಗ ಭೀಮಾ ದಾಟಿ ಜೇವರ್ಗಿ ಕಡಿ ಹೊಂಟಿದ್ವಿರಿ, ಕಾಕಾ. ನಡು ಹೊಳ್ಯಾಗ ಗುಂಡು ಹಾರಿದ್ವು. ನಾ ಈ ದಂಡಿಗೆ ಬಂದ್ನಿ. ಅಂವ ಆ ದಂಡಿಗೆ ಹೋದ್ನೋ, ನೀರಾಗ ಹೋದ್ನೋ, ನಾ ನೋಡ್ಲಿಲ್ರಿ."

"ನೋಡದ ಮ್ಯಾಲ ಬಾಯಿ ಮುಚ್ಚು" ಎಂದೆ. ಅವನು ಅತ್ತ. ಕಾಶಿ ಬಾಗಿಲ ಹಿಂದೆಯೇ ನಿಂತಿದ್ದಳು. ಅವಳ ಮುಂದೆ ಒದರಬಾರದಿತ್ತು.

ಬೀಜ ಹಾಕಿಕೊಂಡು ಕೂತೆ. ನೂರರ ಮೇಲೆ ಹೋಗಿದ್ದೇನೆ. ನೂರಾ ಹದಿಮೂರು ಹಟದ್ದು. ಆಮೇಲೆ ಒಂದೂ ಸಿಗುತ್ತಿಲ್ಲ. ನೂರಾ ಹದಿನೈದಕ್ಕೆ ಐದು ಸಾಲು. ನೂರಾ ಹದಿನೇಳಕ್ಕೆ ಮೂರು. ನೂರಾ ಹತ್ತೊಂಬತ್ತು ಒಪ್ಪಲಿಕ್ಕಿಲ್ಲ ಅಂತ ಆಸೆಪಟ್ಟೆ, ಏಳು ಸಾಲಿಗೆ ಒಪ್ಪಿಕೊಂಡಿತು. ಮುಗಿದಿರಬೇಕು. ದೊಡ್ಡ ಅಂಕಿಗೆ ಒಡೆಯುವವರೂ ಬಹಳ. ಯಾವುದೂ ಹಟ ಹಿಡಿದು ನಿಲ್ಲುವುದಿಲ್ಲ.

26 ಸೆಪ್ಟೆಂಬರ್

ಇಸ್ಮಾಯಿಲ ಸತ್ತ.

ಮಗಳನ್ನು ಕರೆತರುತ್ತೇನೆ ಎಂದು ಜೇವರ್ಗಿಗೆ ಹೊರಟಿದ್ದ. ಹೋಗಬೇಡ, ಕಾಲ ಸರಿಯಿಲ್ಲ ಎಂದೆ. "ನನ್ನ ಗುರ್ತಿಲ್ಲದವ್ರು ಯಾರದಾರ ಈ ದಾರ್‍ಯಾಗ? ಎಲ್ಲಾರ ಮನಿ ಹಂಡೇವು ನನ್ನ ಕೈಯಾಗ ಬೆಳ್ಳಗಾಗ್ಯಾವ" ಎಂದ. ಹೊಳೆಯ ದಂಡೆಯಲ್ಲಿ ಯಾವುದೋ ಗುಂಪಿನವರು ನಿಲ್ಲಿಸಿ ಕೈ ತೋರಿಸು ಅಂದರಂತೆ. ಕೈಯ ಮಸಿ ನೋಡಿ, ಬಂದೂಕಿನ ಮದ್ದಿನ ಮಸಿ, ರಜಾಕಾರ ಇವನು ಅಂದರಂತೆ. ಕಲಾಯಿ ಮಾಡುವವನ ಕೈ ಯಾವ ಸೀಗೆಕಾಯಿಗೂ ಬೆಳ್ಳಗಾಗುವುದಿಲ್ಲ. ಅದು ಗೊತ್ತಿದ್ದವರು ಒಬ್ಬರೂ ಅಲ್ಲಿ ಇರಲಿಲ್ಲವೋ, ಇದ್ದೂ ಸುಮ್ಮನಿದ್ದರೋ.

ನಾನೂ ಭಗವಂತನೂ ಬಂಡಿ ಹೂಡಿಕೊಂಡು ಹೋಗಿ ತಂದೆವು. ದರ್ಗಾದ ಹಿಂದೆ ಮಣ್ಣು ಕೊಟ್ಟೆವು. ನಮಾಜು ಓದಿಸುವವರು ಸಿಗಲಿಲ್ಲ, ಎಲ್ಲರೂ ಊರು ಬಿಟ್ಟಿದ್ದಾರೆ. ಹೆಂಡತಿ, ಮಗಳು ಹೈದರಾಬಾದಿನ ಕಡೆ ಹೋದರು ಅಂತ ಒಬ್ಬರು, ಇಲ್ಲ ಅಂತ ಒಬ್ಬರು.

ಇವನು ಸತ್ತದ್ದಂತೂ ಖರೆ. ಮುಖ ನೋಡಿದ್ದೇನೆ.

29 ಸೆಪ್ಟೆಂಬರ್

ಮಾನವಮಿ ಅಮಾವಾಸ್ಯೆ ಹತ್ತಿರ ಬಂತು. ಅಂದು ನಮ್ಮ ಮನೆಯ ಸತ್ತ ಹಿರಿಯರಿಗೆಲ್ಲ ಎಡೆ ಹಿಡಿಯುವುದು. ಹನ್ನೆರಡು ಎಡೆ, ದೇವರ ಜಗಲಿಯ ಮುಂದೆ, ಮೂರು ಸಾಲು, ಸಾಲಿಗೆ ನಾಲ್ಕು. ನಮ್ಮಪ್ಪ ಹಾಕಿಕೊಟ್ಟ ಪದ್ಧತಿ. ಸತ್ತವರಲ್ಲಿ ಯಾರನ್ನೂ ಒಂಟಿ ಕೂಡಿಸಬಾರದು, ಒಂಟಿ ಕೂತವರು ಜೊತೆ ಬೇಕೆಂದು ಬದುಕಿರುವವರನ್ನು ಹುಡುಕಿಕೊಂಡು ಬರುತ್ತಾರೆ ಅನ್ನುತ್ತಿದ್ದ.

ನಿಂಬೆವ್ವ ಹೂರಣದ ಬೇಳೆ ಆರಿಸುತ್ತ ಕೂತಿದ್ದಳು.

"ಈ ಸಲ ಚಂದ್ರಾಮಗೂ ಎಡಿ ಹಿಡೀಬೇಕು, ದೌಲ್ಯಾ. ಹಸದು ತಿರಗಾಕತ್ತಾನ ಅಂವ. ತಾಟ ಕೇಳಾಕತ್ತಾನ. ನಿನಗ ತಿಳೀಂಗಿಲ್ಲೇನು?"

"ಅಂವನ್ನ ಕೂಡಿಸಿದ್ರ ಹದಿಮೂರು. ಹದಿಮೂರು ಹಟದ ಅಂಕಿ, ಸಾಲು ಕೂಡಂಗಿಲ್ಲ."

"ಮಗ ಸತ್ತರ ಲೆಕ್ಕ ಹೇಳ್ತೀಯಲ್ಲೋ!"

"ಸತ್ತಾನ ಅಂತ ಯಾರು ಹೇಳ್ಯಾರ ನಿನಗ? ಯಾರು ನೋಡ್ಯಾರ?"

"ಈಕಿ ಕೈಯಾಗಿನ ಬಳಿ ಇನ್ನೆಷ್ಟು ದಿನ ಇಟ್ಟಿರ್ತಿ?" ಎಂದು ಕಾಶಿಯ ಮುಂಗೈ ಹಿಡಿಯಲು ಹೋದಳು. ನಾನು ಬೇಳೆಯ ಮೊರವನ್ನು ಒದ್ದೆ. ಅಕ್ಕನ ಮೇಲೆ ಹಿಂದೆಂದೂ ಹಾಗೆ ಸಿಟ್ಟಾಗಿಲ್ಲ. ಆ ಹುಡುಗಿಯನ್ನು ಮುಟ್ಟಬೇಡ ಎಂದೆ.

ಬೇಳೆ ಬಳಿಯುತ್ತ ಕಾಶಿ ತಲೆಯೆತ್ತದೆ ಕೇಳಿದಳು.

"ಇಸ್ಮಾಯಿಲ ಕಾಕಾಗ ಯಾರು ಎಡಿ ಹಿಡೀತಾರ್ರಿ, ಮಾವಾರ?"

"ನಾ ಹಿಡೀತೇನಿ."

"ಶಿವನ! ಜಗಲಿ ಮುಂದ?" ಎಂದು ನಿಂಬೆವ್ವ ಎದೆಗೆ ಕೈ ಇಟ್ಟುಕೊಂಡಳು. "ಹಿರೇರು ಎದ್ದು ಹೋಗ್ತಾರ."

"ಹೋಗ್ಲಿ. ಅಷ್ಟು ರೊಟ್ಟಿ ಉಳೀತಾವ."

ಆಗ ಕಾಶಿ ಅಂದಳು: "ಹಂಗಾದ್ರ ಹದಿನಾಕು ಆಗ್ತದ್ರಿ. ಎರಡು ಸಾಲು. ಏಳೇಳು."

ನನಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಬೆರಳು ಮಡಚಿ ಎಣಿಸಿದೆ. ಹನ್ನೆರಡು, ಇಸ್ಮಾಯಿಲ ಹದಿಮೂರು, ಚಂದ್ರಾಮ ಹದಿನಾಲ್ಕು. ಹಟದ ಅಂಕಿಗೆ ಒಂದು ಸೇರಿಸಿದರೆ ಹಟ ಬಿಟ್ಟು ಸಾಲಾಗಿ ಕೂಡುತ್ತದೆ. ಮಠದಲ್ಲಿ ಮೂವತ್ತೊಂದಕ್ಕೆ ನಾನೇ ಮಾಡಿದ ಕೆಲಸ. ಅದನ್ನು ಇವಳ ಬಾಯಿಂದ ಕೇಳಬೇಕಾಯಿತು.

"ಇಟ್ಟುಬಿಡ್ರಿ, ಮಾವಾರ" ಎಂದಳು. "ಅವ್ರು ದಿನಾ ಬಾಗಲಾಗ ನಿಂತಂಗ ಆಗ್ತದ. ಒಳಗ ಬರಂಗಿಲ್ಲ, ಹೋಗಂಗಿಲ್ಲ. ನಾ ಮುತ್ತೈದಿನೋ ಅಲ್ಲೋ ನನಗ ತಿಳೀದಂಗ ಆಗೇದ. ಯಾವುದರ ಒಂದು ಆಗ್ಲಿರಿ."

"ಎಳ್ಳಮಾಸಿ ತನಕ ತಡಿ" ಎಂದೆ.

"ಆಮ್ಯಾಲ?"

ಎದ್ದು ಹೋಗಿ ಎತ್ತಿಗೆ ಮೇವು ಹಾಕಿದೆ.

1 ಅಕ್ಟೋಬರ್

ನೂರಾ ಇಪ್ಪತ್ತೇಳು ಒಪ್ಪಲಿಲ್ಲ. ಎರಡಕ್ಕೆ ಇಲ್ಲ, ಮೂರಕ್ಕೆ ಇಲ್ಲ, ಐದಕ್ಕೆ, ಏಳಕ್ಕೆ, ಹನ್ನೊಂದಕ್ಕೆ ಇಲ್ಲ. ಮುಂದಿನವನ್ನು ನೋಡಬೇಕಾಗಿಲ್ಲ, ಹದಿಮೂರು ಹದಿಮೂರಲೇ ಇದಕ್ಕಿಂತ ದೊಡ್ಡದಾಗುತ್ತದೆ. ಆದರೂ ನೋಡಿದೆ. ಇಲ್ಲ. ನೂರಾ ಹದಿಮೂರರ ಮೇಲೆ ಅಷ್ಟು ದೂರ ಒಂದೂ ಇಲ್ಲದೆ, ಮುಗಿದೇ ಹೋಯಿತು ಅಂದುಕೊಂಡ ಮೇಲೆ ಇದು ಬಂತು.

ಕಾಶಿಯನ್ನು ಕೂಗಿ ಕರೆದು ತೋರಿಸಿದೆ. ಅವಳು ಕೂತು ತಾನೂ ಎಲ್ಲ ಸಾಲು ಹಾಕಿ ನೋಡಿದಳು. "ಖರೆ ಅದರಿ" ಎಂದಳು. ಬೀಜ ಗುಡ್ಡೆ ಮಾಡುತ್ತ, "ಇವು ಎಂದರ ಮುಗೀತಾವೇನ್ರಿ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ನನ್ನ ಬಾಯಿಂದ ಆ ಮಾತು ಬರುವುದು ಕಡಿಮೆ.

2 ಅಕ್ಟೋಬರ್, ಅಮಾವಾಸ್ಯೆ

ಹದಿಮೂರು ಎಡೆ ಹಿಡಿದೆ. ಚಂದ್ರಾಮನಿಗೆ ಇಲ್ಲ. ಇಸ್ಮಾಯಿಲನಿಗೆ ಇದೆ.

ಹದಿಮೂರಕ್ಕೆ ಇರುವುದು ಒಂದೇ ಪಂಕ್ತಿ. ಜಗಲಿಯ ಮುಂದಿನ ಕೋಣೆ ಅಷ್ಟು ಉದ್ದವಿಲ್ಲ. ಜಗಲಿಯಿಂದ ಹಿಡಿದು ಎಲೆ ಹಾಸುತ್ತ ಬಂದೆ. ಕೋಣೆ ಮುಗಿಯಿತು, ನಡುಬಾಗಿಲು ದಾಟಿದೆ, ಪಡಸಾಲೆ ಮುಗಿಯಿತು, ತಲೆಬಾಗಿಲಿನ ಹೊಸ್ತಿಲಾಚೆ ಅಂಗಳದಲ್ಲಿ ಕೊನೆಯ ಎಲೆ. ಹೊಸದಾಗಿ ಸತ್ತವರು ಕೊನೆಗೆ ಕೂಡುವುದು ವಾಡಿಕೆ. ಹಾಗೆ ಮಾಡಿದರೆ ಇಸ್ಮಾಯಿಲ ಹೊರಗೆ ಬೀಳುತ್ತಾನೆ. ಬದುಕಿದ್ದಾಗ ಕೂತದ್ದು ಸಾಕು ಹೊರಗೆ. ಅವನನ್ನು ನಡುವೆ ಕೂಡಿಸಿದೆ, ಆ ಕಡೆ ಆರು, ಈ ಕಡೆ ಆರು. ಅಂಗಳಕ್ಕೆ ನಮ್ಮಪ್ಪನನ್ನು ಹಾಕಿದೆ. ಅವನಿಗೆ ಮೊದಲಿಂದಲೂ ಗಾಳಿ ಬೇಕು, ಹೋಗಿ ಬರುವವರಿಗೆ ಬೈಯಲೂ ಅನುಕೂಲ.

ನಿಂಬೆವ್ವ ಗೋಡೆಯ ಕಡೆ ಮುಖ ಮಾಡಿ ಕೂತಳು. ಆದರೆ ಹೋಳಿಗೆ ಅವಳೇ ಮಾಡಿದ್ದು, ಇಸ್ಮಾಯಿಲನ ಎಲೆಗೆ ತುಪ್ಪ ಕಡಿಮೆಯಾಯಿತು ಎಂದು ಅಲ್ಲಿಂದಲೇ ಗೊಣಗಿದವಳೂ ಅವಳೇ.

ಕಾಶಿ ಸಾಲಿನುದ್ದಕ್ಕೂ ನೀರು ಬಿಡುತ್ತ ಬಂದಳು. ಅಂಗಳದ ಎಲೆಯ ಹತ್ತಿರ ನಿಂತಳು. ಅದರ ಆಚೆ ಬರೀ ನೆಲ. ಅಲ್ಲಿಗೂ ಒಂದು ಗುಟುಕು ನೀರು ಬಿಟ್ಟಳೋ, ತಂಬಿಗೆ ತುಳುಕಿತೋ, ನಾನು ಕೇಳಲಿಲ್ಲ.

4 ಅಕ್ಟೋಬರ್

ಎರಡು ದಿನದಿಂದ ತಾಟು ಮೂರೇ ಬೀಳುತ್ತಿವೆ. ಬೀಜವೂ ಹೆಚ್ಚಾಗುತ್ತಿಲ್ಲ. ಕಾಶಿ ಮುಂಜಾನೆ ಬಂದು ನನ್ನ ಎದುರು ನಿಂತಳು.

"ಬಾಗಲಾಗ ಅವ್ರು ಇಲ್ರಿ ಈಗ. ಎಲ್ಲಿಗೆ ಹೋದ್ರು?"

ಇದು ಚಲೋದೋ ಕೆಟ್ಟದ್ದೋ ನನಗೂ ತಿಳಿಯದು. ಇರುವವನು ಬಾಗಿಲು ಬಿಟ್ಟು ಹೋದನೋ, ಇಲ್ಲದವನು ಹೋದನೋ. "ನಿನ್ನ ತವರಿಗೆ ಹೋಗಿ ನಾಕು ದಿನ ಇದ್ದು ಬರ್ತೀಯೇನವಾ?" ಎಂದು ಮೆತ್ತಗೆ ಕೇಳಿದೆ. "ನಾ ಹೋದ್ರ ಇಲ್ಲಿ ತಾಟು ಎರಡ ಆಗ್ತಾವ್ರಿ" ಎಂದಳು. ಎಳ್ಳಮಾಸಿಯ ಆಮೇಲೆ ಏನು ಅಂತ ಮತ್ತೆ ಕೇಳಿದಳು. ಹೊಳೆಯ ಆ ದಂಡೆಯ ಊರುಗಳಿಗೆಲ್ಲ ನಾಳೆಯಿಂದ ನಾನೂ ಭಗವಂತನೂ ಹೋಗಿ ಕೇಳುತ್ತೇವೆ. ಅದು ನನ್ನ ಪಾಲಿನ ಕೆಲಸ. ಉತ್ತರ ಕೊಡುವುದು ನನ್ನದಲ್ಲ.

ಚಂದ್ರಾಮ, ನಿನ್ನದು.

ಆ ದಂಡೆಗೆ ಹತ್ತಿದ್ದರೆ ಬಾ. ಕಾಲು ಮುರಿದಿದ್ದರೆ ಯಾರ ಕೈಯಲ್ಲಾದರೂ ಹೇಳಿಕಳಿಸು. ನೀರಲ್ಲಿ ಹೋಗಿದ್ದರೆ ಅದನ್ನಾದರೂ ಹೇಳು, ಹೇಗೆ ಹೇಳುತ್ತೀಯೋ ನನಗೆ ಗೊತ್ತಿಲ್ಲ. ಬಾಗಿಲಲ್ಲಿ ನಿಲ್ಲಬೇಡ, ಪಂಕ್ತಿಯಲ್ಲಿ ತಲೆ ಬಗ್ಗಿಸಿ ಕೂತು ಎದ್ದು ಹೋಗಬೇಡ. ಆ ಹುಡುಗಿಯನ್ನು ನಾನು ಇನ್ನು ಹೆಚ್ಚು ದಿನ ಕಾಯಿಸುವುದಿಲ್ಲ. ನೀನು ಹೇಳದಿದ್ದರೆ ಹದಿನಾಲ್ಕು ಇಡುತ್ತೇನೆ, ಏಳರ ಎರಡು ಸಾಲು. ನನಗೆ ಸಾಲು ಕೂಡಿಸುವುದು ಬರುತ್ತದೆ.

ಎಳ್ಳಮಾವಾಸ್ಯೆ ಡಿಸೆಂಬರ್ ಮೂವತ್ತಕ್ಕೆ. ಅಷ್ಟರೊಳಗೆ ನನಗೆ ಉತ್ತರ ಬೇಕು.